ಏಣಿ ಮೊದಲು, ನಿನ್ನೆ ಆಮೇಲೆ

ನಾನು ನಮ್ಮ ಹಾಲೆಂಡಿನ ಬಡಗಣ ಕಡಲಿನ ಟೆಸೆಲ್ ದ್ವೀಪಕ್ಕೆ ಹೋದದ್ದು ೧೯೮೬ರ ಮಾರ್ಚ್ ಕೊನೆಗೆ, ಕುರಿಗಳು ಮರಿ ಹಾಕುವ ಕಾಲದಲ್ಲಿ. ಆಗ ನನಗೆ ಇಪ್ಪತ್ನಾಲ್ಕು. ಕೈಯಲ್ಲೊಂದು ಟೇಪ್ ರೆಕಾರ್ಡರ್, ಚೀಲದಲ್ಲಿ ಅರವತ್ತು ಖಾಲಿ ಕ್ಯಾಸೆಟ್ಟು, ತಲೆಯಲ್ಲಿ ನಮ್ಮ ಪ್ರೊಫೆಸರು ಹೇಳಿ ಕಳಿಸಿದ ಒಂದೇ ಮಾತು: "ಪರೀಕ್ಷೆಗೆ ಕೂತೋರ ಹಾಗೆ ಮಾತಾಡೋರು ಬೇಡ ಅಲೀಡಾ. ಅಡುಗೆಮನೇಲಿ ಕಾಫಿ ಕುಡೀತಾ ಮಾತಾಡೋರನ್ನ ಹಿಡಿ."

ನನ್ನ ಕೆಲಸ ಇಷ್ಟು. ನಮ್ಮ ಡಚ್ ಮಾತಿನಲ್ಲಿ ಕ್ರಿಯಾಪದ ತನಗೆ ಗೊತ್ತುಮಾಡಿದ ಜಾಗ ಬಿಟ್ಟು ಕದಲುವುದಿಲ್ಲ. ಉಳಿದ ಪದಗಳು ಮಾತ್ರ ಸಂದರ್ಭ ನೋಡಿಕೊಂಡು ಹಿಂದೆ ಮುಂದೆ ಸರಿಯುತ್ತವೆ. ಯಾವಾಗ ಸರಿಯುತ್ತವೆ, ಯಾಕೆ ಸರಿಯುತ್ತವೆ ಎಂದು ನಾನು ಬರೆಯಬೇಕಿತ್ತು. ಪ್ರೊಫೆಸರ ಲೆಕ್ಕ ಸರಳ: ಮಾತಾಡುವ ಇಬ್ಬರ ನಡುವೆ ಆಗಲೇ ಬಂದು ಕೂತಿರುವ ವಿಷಯ ಮುಂದಕ್ಕೆ ಬರುತ್ತದೆ, ಹೊಸದು ಹಿಂದೆ ನಿಂತು ಕಾಯುತ್ತದೆ. ಪಕ್ಕದ ಮನೆಯವನು ಬಂದು "ನಿನ್ನೆ ಸೈಕಲ್ ಮಾರಿದೆ" ಅಂದರೆ ಅದು ನಿಮಗೆ ಸುದ್ದಿ. "ಸೈಕಲ್ ನಿನ್ನೆ ಮಾರಿದೆ" ಅಂದರೆ ಆ ಸೈಕಲ್ಲಿನ ಮಾತು ನಿಮ್ಮಿಬ್ಬರ ನಡುವೆ ಮೊದಲೇ ಆಗಿದೆ. ಅದೇ ಸೈಕಲ್ಲು, ಅದೇ ನಿನ್ನೆ. ಆದರೂ ಎರಡು ಮಾತು ಒಂದಲ್ಲ.

ನನಗೆ ಮಹಡಿಯ ಕೋಣೆ ಕೊಟ್ಟವಳು ನೀಲ್ಚೆ ಎಂಬ ವಿಧವೆ. ಅರವತ್ತೊಂದು ವರ್ಷ, ಗಿಡ್ಡ ಆಳು, ಗಾಳಿಗೆ ಎದುರಾಗಿ ಸೈಕಲ್ ತುಳಿದೂ ತುಳಿದೂ ಕೆಂಪಾದ ಕೆನ್ನೆ. ನನ್ನ ಕೆಲಸ ಏನೆಂದು ಕೇಳಿದಳು. ಹೇಳಿದೆ.

"ಜನ ಮಾತಾಡೋದನ್ನ ಹಿಡ್ಕೊಂಡು ಹೋಗೋದಕ್ಕೂ ಸರ್ಕಾರ ಸಂಬಳ ಕೊಡುತ್ತಾ?" ಎಂದು ಅವಳು ಆಲೂಗೆಡ್ಡೆ ಹೆರೆಯುವುದನ್ನು ನಿಲ್ಲಿಸದೆಯೇ ಕೇಳಿದಳು. "ಹಾಗಾದ್ರೆ ನನ್ನ ಅಣ್ಣಂದಿರ ಹತ್ರ ಬಾ. ಅವರು ಮಾತಾಡೋದು ನೋಡಿದ್ರೆ ನಿಮ್ಮ ಪ್ರೊಫೆಸರು ಕುರ್ಚಿ ಬಿಟ್ಟು ಎದ್ದು ಬರ್ತಾರೆ."

ಅಣ್ಣಂದಿರು ಇಬ್ಬರು: ಅರವತ್ತಾರರ ರೈನ್, ಅರವತ್ನಾಲ್ಕರ ಸೀವರ್ಟ್. ಇಬ್ಬರೂ ಮದುವೆಯಾದವರಲ್ಲ. ಅಪ್ಪ ಬಿಟ್ಟುಹೋದ ಕುರಿಮನೆಯ ನಡುವೆ ಒಂದು ಹಲಗೆಗೋಡೆ ಎಬ್ಬಿಸಿ, ಒಬ್ಬ ಬಡಗಣ ಬಾಗಿಲಲ್ಲಿ, ಒಬ್ಬ ತೆಂಕಣ ಬಾಗಿಲಲ್ಲಿ ಬಾಳುತ್ತಿದ್ದರು. ಇಬ್ಬರಿಗೂ ಮಾತು ಬಿಟ್ಟು ಒಂಬತ್ತು ವರ್ಷವಾಗುತ್ತ ಬಂದಿತ್ತು. ಕಾರಣ ಒಂದು ಟಗರು. ೧೯೭೭ರ ಶರತ್ಕಾಲದಲ್ಲಿ ರೈನ್‌ನ ಟಗರು ಗೇಟು ದಾಟಿ ಹೋಗಿ ಸೀವರ್ಟ್‌ನ ಕುರಿಗಳ ಜೊತೆ ಸಂಸಾರ ಹೂಡಿತು. ಸೀವರ್ಟ್ ಆ ವರ್ಷ ಬೇರೆ ತಳಿಯ ಟಗರು ಗೊತ್ತುಮಾಡಿ ಇಟ್ಟಿದ್ದ. "ಗೇಟು ತೆಗೆದಿಟ್ಟೋನು ನೀನು" ಎಂದ. "ಗೇಟು ಹಾಕದೆ ಹೋದೋನು ನೀನು" ಎಂದ ರೈನ್. ಅಂದಿನಿಂದ ಎಣ್ಣೆ ಸೀಗೆಕಾಯಿ.

ಅಂದಿನಿಂದ ಬೆಳಿಗ್ಗೆ ಹತ್ತು ಗಂಟೆಗೆ ನೀಲ್ಚೆಯ ಓಡಾಟವೂ ಶುರುವಾಗಿತ್ತು. ಮೊದಲು ರೈನ್‌ನ ಅಡುಗೆಮನೆ: ಒಂದು ಕಾಫಿ, ಒಂದು ಬಿಸ್ಕತ್ತು. ಆಮೇಲೆ ಮನೆ ಬಳಸಿ ಆ ಬಾಗಿಲಿಗೆ, ಸೀವರ್ಟ್‌ನ ಹತ್ತಿರ ಇನ್ನೊಂದು ಕಾಫಿ, ಇನ್ನೊಂದು ಬಿಸ್ಕತ್ತು. ಹೋಗುವಾಗ ಬರುವಾಗ ಇವನ ಮಾತು ಅವನಿಗೆ, ಅವನ ಮಾತು ಇವನಿಗೆ.

ಮೊದಲ ದಿನವೇ ನಾನು ಟೇಪ್ ರೆಕಾರ್ಡರ್ ಮೇಜಿನ ಮೇಲಿಟ್ಟೆ. ರೈನ್ ಅದನ್ನು ಅಪರಿಚಿತ ನಾಯಿಯನ್ನು ನೋಡುವಂತೆ ನೋಡಿದ. ನಂತರ ಕಿಟಕಿಯ ಕಡೆ ಮುಖ ಮಾಡಿ, "ಅವನಿಗೆ ಹೇಳು," ಎಂದ. ಅವನು ಎಂದರೆ ಹಲಗೆಯ ಆಚೆ, ನಾಲ್ಕು ಮಾರು ದೂರದಲ್ಲಿ ಕೂತಿದ್ದ ತಮ್ಮ. "ಇವತ್ತು ಬೆಳಿಗ್ಗೆ ಒಂದು ಕುರಿ ಮೂರು ಮರಿ ಹಾಕಿದೆ. ಮೂರನೇದಕ್ಕೆ ಬಾಟ್ಲಿ ಹಾಲೇ ಗತಿ."

ನೀಲ್ಚೆ ಅದನ್ನು ಹೊತ್ತುಕೊಂಡು ಮನೆ ಬಳಸಿ ಹೋದಳು. ಸೀವರ್ಟ್ ಕೇಳಿ, ಮೀಸೆ ಸವರಿಕೊಂಡು, "ಅವನ ಕುರಿ, ಅವನ ಬಾಟ್ಲಿ ಅಂತ ಹೇಳು," ಎಂದ. ಆಮೇಲೆ ಮೆತ್ತಗೆ, "ನನ್ನ ಹತ್ರ ಒಂದು ಹಳೇ ರಬ್ಬರು ನಿಪ್ಪಲ್ ಇದೆ. ಬೇಕಾದ್ರೆ ತಗೊಳ್ಳಲಿ ಅನ್ನು."

"ನಿಮ್ಮ ಗೋಡೇಲಿ ಒಂದು ತೂತು ಕೊರೆದ್ರೆ ನನ್ನ ಚಪ್ಪಲಿನಾದ್ರೂ ಉಳಿಯುತ್ತೆ ಕಣೋ," ಎಂದಳು ನೀಲ್ಚೆ.

"ತೂತು ಕೊರೆದ್ರೆ ಅವನ ಪೈಪಿನ ಹೊಗೆ ಇಲ್ಲಿಗೆ ಬರುತ್ತೆ," ಎಂದ ಸೀವರ್ಟ್.

ನನಗೆ ಹಬ್ಬವಾಯಿತು. ಇಬ್ಬರು ಮಾತು ಬಿಟ್ಟವರು. ನಡುವೆ ಒಬ್ಬಳೇ ದೂತೆ. ಯಾರಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬುದು ಹನಿ ಹನಿಯಾಗಿ ನನ್ನ ಟೇಪಿನಲ್ಲೇ ಸಿಗುತ್ತಿತ್ತು. ಇಂಥ ಅಚ್ಚುಕಟ್ಟು ಪ್ರಯೋಗಶಾಲೆ ಯಾವ ವಿಶ್ವವಿದ್ಯಾಲಯದಲ್ಲಿದೆ? ಮಧ್ಯಾಹ್ನವೆಲ್ಲ ನೀಲ್ಚೆಯ ಅಡುಗೆಮನೆಯ ಮೇಜಿನ ಮೇಲೆ ಕಾರ್ಡು ಹರಡಿಕೊಂಡು ಕೂರುತ್ತಿದ್ದೆ. ವಸ್ತು 'ನಿನ್ನೆ'ಗಿಂತ ಮೊದಲು ಬಂದರೆ ನೀಲಿ ಶಾಯಿ, ಆಮೇಲೆ ಬಂದರೆ ಕೆಂಪು.

ಮೂರು ವಾರ ಕಳೆಯುವ ಹೊತ್ತಿಗೆ ನನ್ನ ಮುಖ ಸಪ್ಪಗಾಯಿತು. ಕೆಂಪಾಗಬೇಕಾದ ಕಡೆಯೆಲ್ಲ ನೀಲಿ ಬರುತ್ತಿತ್ತು. ಹೊಚ್ಚಹೊಸ ಸುದ್ದಿಯನ್ನು ಇಬ್ಬರೂ ಹಳೆಯದರ ಹಾಗೆ ಹೇಳುತ್ತಿದ್ದರು. ಪ್ರೊಫೆಸರ ಲೆಕ್ಕ ತಪ್ಪೋ, ನನ್ನ ಕಿವಿ ತಪ್ಪೋ ತಿಳಿಯದೆ ನಾನು ತಲೆ ಮೇಲೆ ಕೈ ಹೊತ್ತು ಕೂತದ್ದನ್ನು ನೀಲ್ಚೆ ನೋಡಿದಳು.

"ಏನಾಯ್ತು ಹುಡುಗಿ? ಯಾರಾದ್ರೂ ಸತ್ರಾ?"

"ನಿಮ್ಮ ಅಣ್ಣಂದಿರು ನನ್ನ ಪುಸ್ತಕಾನ ಕೊಲ್ತಾ ಇದ್ದಾರೆ," ಎಂದೆ. "ಏಣಿ ವಿಷಯ ನೀವು ಯಾವಾಗ ಸೀವರ್ಟ್‌ನಿಂದ ರೈನ್‌ಗೆ ತಲುಪಿಸಿದ್ರಿ? ನನ್ನ ಟೇಪಿನಲ್ಲಿ ಎಲ್ಲೂ ಸಿಗ್ತಿಲ್ಲ."

"ಯಾವ ಏಣಿ?"

ಮಂಗಳವಾರದ ಟೇಪು ಹಾಕಿದೆ. ರೈನ್‌ನ ದನಿ: "ಅವನಿಗೆ ಹೇಳು, ಏಣಿ ನಿನ್ನೆ ರಿಪೇರಿ ಮಾಡ್ದೆ."

ನೀಲ್ಚೆ ಚಾಕು ಹಿಡಿದ ಕೈ ನಿಲ್ಲಿಸಿದಳು. "ಇನ್ನೊಂದ್ಸಲ ಹಾಕು," ಎಂದಳು. ಹಾಕಿದೆ. "ಇನ್ನೊಂದ್ಸಲ." ಮತ್ತೆ ಹಾಕಿದೆ. ಅವಳು ಯಾವ ವ್ಯಾಕರಣವನ್ನೂ ಓದಿದವಳಲ್ಲ. ಆದರೆ ಅರವತ್ತೊಂದು ವರ್ಷದಿಂದ ಅದೇ ಮಾತಿನಲ್ಲಿ ಉಂಡು ಎದ್ದವಳು.

"ನಾನು ಆ ದಿನ ಬರೀ ಮಾತು ಹೊತ್ಕೊಂಡು ಹೋದೆ, ಕೇಳಿಸ್ಕೊಳ್ಳಲೇ ಇಲ್ಲ," ಎಂದು ಮೆಲ್ಲಗೆ ಹೇಳಿದಳು. "ಸುಮ್ನೆ ಸುದ್ದಿ ಹೇಳೋನು 'ನಿನ್ನೆ ಏಣಿ ರಿಪೇರಿ ಮಾಡ್ದೆ' ಅಂತಾನೆ. 'ಏಣಿ ನಿನ್ನೆ ಮಾಡ್ದೆ' ಅನ್ನೋದು, ಏಣಿ ಏನಾಯ್ತೋ ಅಂತ ಕೇಳಿದೋನಿಗೆ. ಕೇಳಿದ್ದು ಯಾರು? ನಾನಂತೂ ಅಲ್ಲ."

ನನಗೆ ಆಗ ಹೊಳೆಯಿತು. ಹೊಳೆದದ್ದನ್ನು ನುಂಗಿಕೊಳ್ಳಬೇಕಿತ್ತು, ಇಪ್ಪತ್ನಾಲ್ಕರ ಬಾಯಿ, ನುಂಗಲಿಲ್ಲ. "ಹಾಗಾದ್ರೆ ಲೆಕ್ಕ ಸರಿಯಾಗೇ ಇದೆ!" ಎಂದು ಕುರ್ಚಿಯಿಂದ ನೆಗೆದೆ. "ಅವರಿಬ್ಬರೂ ಮಾತಾಡ್ತಾ ಇದ್ದಾರೆ!"

ನೀಲ್ಚೆ ಹೆರೆದ ಆಲೂಗೆಡ್ಡೆಯನ್ನೇ ಮತ್ತೊಮ್ಮೆ ಹೆರೆಯತೊಡಗಿದಳು.

ಮರುದಿನ ಹತ್ತಕ್ಕೆ ಇಬ್ಬರೂ ಹೋದೆವು. ರೈನ್ ಎಂದಿನಂತೆ ಕಿಟಕಿಗೆ ಹೇಳಿದ: "ಅವನಿಗೆ ಹೇಳು, ಡಾಕ್ಟರು ನಾಳೆ ಬರ್ತಾರೆ." ನೀಲ್ಚೆ ನನ್ನ ಕಡೆ ಒಂದು ನೋಟ ಬೀರಿ ಕಾಫಿ ಮುಗಿಸಿದಳು. ಮನೆ ಬಳಸಿ ಸೀವರ್ಟ್‌ನ ಅಡುಗೆಮನೆಗೆ ಹೋಗಿ ಕೂತು, ಅದನ್ನೇ, ಒಂದು ಪದ ಆಚೀಚೆ ಮಾಡದೆ ಹೇಳಿದಳು:

"ಡಾಕ್ಟರು ನಾಳೆ ಬರ್ತಾರಂತೆ."

"ಒಂಬತ್ತಕ್ಕೋ ಹತ್ತಕ್ಕೋ?" ಎಂದ ಸೀವರ್ಟ್, ಕಾಫಿ ಬಗ್ಗಿಸುತ್ತ.

"ಯಾವ ಡಾಕ್ಟರು ಅಂತ ನೀನು ಕೇಳಲಿಲ್ಲ," ಎಂದಳು ನೀಲ್ಚೆ.

"ಆಂ?"

"ಮನುಷ್ಯರ ಡಾಕ್ಟರೋ, ಕುರಿ ಡಾಕ್ಟರೋ? ನಿಮ್ಮಣ್ಣನಿಗೆ ಎದೆನೋವೋ, ಕುರಿಗೆ ಕಾಲುನೋವೋ? ಒಂಬತ್ತು ವರ್ಷದಿಂದ ಅವನ ಮುಖ ನೋಡದೋನು ನೀನು. ಡಾಕ್ಟರು ಅಂದ್ರೆ ಯಾವ ಡಾಕ್ಟರು, ಯಾಕೆ ಬರ್ತಾರೆ ಅಂತ ಕೇಳಬೇಕು ತಾನೆ? ನೀನು ಗಂಟೆ ಕೇಳ್ತೀಯಲ್ಲೋ!"

ಸೀವರ್ಟ್‌ನ ಕಿವಿಗಳು ಕೆಂಪೇರಿದವು. ಕಾಫಿ ಲೋಟ ತುಂಬಿ ಮೇಜಿನ ಮೇಲೆ ಹರಿಯುತ್ತಿದ್ದುದು ಅವನಿಗೆ ಕಾಣಿಸಲೇ ಇಲ್ಲ. ಹಲಗೆಯ ಆಚೆಯಿಂದ ರೈನ್ ಒಮ್ಮೆ ಕೆಮ್ಮಿದ.

"ಎಷ್ಟು ದಿನದಿಂದ?" ಎಂದು ನೀಲ್ಚೆ ಕೇಳಿದಳು.

ಅವನು ಚೆಲ್ಲಿದ ಕಾಫಿ ಒರೆಸತೊಡಗಿದ. ನೀಲ್ಚೆ ಕೋಟು ಹಾಕಿಕೊಂಡು, ಗುಂಡಿ ಕೂಡ ಹಾಕದೆ, ಸೈಕಲ್ ಹತ್ತಿ ಹೊರಟುಬಿಟ್ಟಳು. ನಾನು ಟೇಪ್ ರೆಕಾರ್ಡರ್ ಎದೆಗವುಚಿಕೊಂಡು ಅವಳ ಹಿಂದೆ ಓಡಿದೆ. ದಾರಿಯುದ್ದ ಅವಳು ತಿರುಗಿ ನೋಡಲಿಲ್ಲ.

ಅದಾದ ಮೇಲೆ ನಾಲ್ಕು ದಿನ ಅವಳು ಅಣ್ಣಂದಿರ ಮನೆಯ ಕಡೆ ತಲೆ ಹಾಕಲಿಲ್ಲ. ಹತ್ತು ಗಂಟೆಯಾದರೆ ಕಿಟಕಿ ಒರೆಸಲು ನಿಲ್ಲುತ್ತಿದ್ದಳು. ನಾಲ್ಕು ದಿನವೂ ಅದೇ ಕಿಟಕಿ. ನನ್ನ ಮೇಲೆ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚುತ್ತಿತ್ತು. ಮೂರನೆಯ ದಿನ ಬಟಾಣಿ ಸೂಪು ಬಡಿಸುತ್ತ ತಾನಾಗಿ ಹೇಳಿದಳು:

"ನಾನು ಸೇತುವೆ ಅಂದ್ಕೊಂಡಿದ್ದೆ ಕಣೇ. ನಾನಿಲ್ಲದಿದ್ರೆ ಆ ಎರಡು ಮುದಿಕತ್ತೆಗಳು ಒಂದಕ್ಕೊಂದು ಸತ್ತ ಹಾಗೆ ಅಂತ. ಚಳೀಲಿ, ಜ್ವರದಲ್ಲಿ, ಬೀಳೋ ಹಾಗೆ ಗಾಳಿ ಬೀಸೋವಾಗ್ಲೂ ಹೋಗಿದೀನಿ. ಈಗ ನೋಡಿದ್ರೆ ಕೆಳಗೆ ಹೊಳೇನೇ ಇಲ್ಲ. ಒಣ ನೆಲದ ಮೇಲೆ ಸೇತುವೆ!"

ಐದನೆಯ ಬೆಳಿಗ್ಗೆ ಅವಳಿಗೆ ಹೇಳದೆ ಅಣ್ಣಂದಿರ ಮನೆಗೆ ಹೋದೆ. ರೈನ್‌ನ ಬಾಗಿಲು ತಟ್ಟಿದರೆ ಉತ್ತರವಿಲ್ಲ. ಸೀವರ್ಟ್‌ನ ಬಾಗಿಲ ಹೊರಗೆ ಎರಡು ಜೊತೆ ಮರದ ಮೆಟ್ಟು ಇದ್ದವು. ಒಳಗೆ ಅಣ್ಣತಮ್ಮ ಒಂದೇ ಮೇಜಿಗೆ ಎದುರುಬದುರಾಗಿ ಕೂತಿದ್ದರು, ಮೇಷ್ಟ್ರು ಹೊರಗೆ ನಿಲ್ಲಿಸಿದ ಹುಡುಗರ ಹಾಗೆ.

"ಅವಳು ಹೇಗಿದ್ದಾಳೆ?" ಇಬ್ಬರೂ ಒಟ್ಟಿಗೇ ಕೇಳಿದರು.

"ಕಿಟಕಿ ಗಾಜು ಸವೀತಾ ಇದೆ," ಎಂದೆ. "ನೀವು ಯಾಕೆ ಹೀಗೆ ಮಾಡಿದ್ರಿ?"

ರೈನ್ ತಮ್ಮನ ಕಡೆ ನೋಡಿದ. ಸೀವರ್ಟ್ ಹೇಳತೊಡಗಿದ. ೧೯೭೯ರ ಫೆಬ್ರವರಿಯಲ್ಲಿ ದೊಡ್ಡ ಹಿಮ ಬಿತ್ತಲ್ಲ, ಆಗ ಇಬ್ಬರ ಕುರಿಗಳೂ ಒಂದೇ ಗೋಡೆಯ ಮಗ್ಗುಲಲ್ಲಿ ಹೂತುಹೋದವು. ಇಬ್ಬರೂ ಸಲಿಕೆ ಹಿಡಿದು ಓಡಿದರು.

"ಮೊದಲರ್ಧ ಗಂಟೆ ಸುಮ್ನೆ ಅಗೆದ್ವಿ," ಎಂದ. "ಆಮೇಲೆ ಇವನು 'ಇಲ್ಲೊಂದು ಕಿವಿ ಕಾಣ್ತಿದೆ' ಅಂದ. ಅಷ್ಟೆ. ಕಿವಿ ಕಂಡ ಮೇಲೆ ಇನ್ನೇನು ಜಗಳ? ಹತ್ತೊಂಬತ್ತು ಕುರಿ ತೆಗೆದ್ವಿ. ಯಾವುದು ಯಾರದ್ದು ಅಂತ ನೋಡಲೇ ಇಲ್ಲ."

"ಭಾನುವಾರ ನೀಲ್‌ಗೆ ಹೇಳೋಣ ಅಂದ್ಕೊಂಡ್ವಿ," ಎಂದ ರೈನ್. "ಶುಕ್ರವಾರ ಅವಳ ಗಂಡ ಹೋಗ್ಬಿಟ್ಟ."

ಅವಳ ಗಂಡ ಹಿಲ್ಲೆಬ್ರಾಂಡ್ ಆ ವಾರ ತೀರಿಕೊಂಡದ್ದು ನನಗೆ ಗೊತ್ತಿರಲಿಲ್ಲ. ಮಣ್ಣು ಮುಗಿದ ಮೇಲೆ ನೀಲ್ಚೆ ಪರದೆ ಎಳೆದುಕೊಂಡು ಒಳಗೆ ಸೇರಿದವಳು ಯಾರು ಕರೆದರೂ ಹೊರಗೆ ಬರಲಿಲ್ಲವಂತೆ. ಪಾದ್ರಿ ಬಂದರೂ ಅಷ್ಟೆ, ನೆರೆಯವಳು ಕೇಕು ತಂದರೂ ಅಷ್ಟೆ. ಹನ್ನೊಂದನೆಯ ದಿನ ಮಾತ್ರ ಬೆಳಿಗ್ಗೆ ಹತ್ತಕ್ಕೆ ರೈನ್‌ನ ಬಾಗಿಲಿಗೆ ಬಂದು ನಿಂತಳು. "ಏನು ಹೇಳ್ಬೇಕೋ ಬೇಗ ಹೇಳು, ಆ ಇನ್ನೊಂದು ಪ್ರಾಣಿ ಕಾಯ್ತಿರುತ್ತೆ" ಎಂದಳು.

"ಆಗ ನಾನೇನು ಹೇಳ್ಲಿ?" ಎಂದ ರೈನ್. "ಬಾಯಿಗೆ ಬಂದದ್ದು ಹೇಳಿ ಕಳಿಸ್ದೆ. ಪಂಪು ಹೆಪ್ಪುಗಟ್ಟಿದೆ ಅಂತ ಅವನಿಗೆ ಹೇಳು ಅಂದೆ."

"ಪಂಪು ಹೆಪ್ಪುಗಟ್ಟಿರಲಿಲ್ಲ," ಎಂದ ಸೀವರ್ಟ್. "ನಾವಿಬ್ಬರೂ ಬೆಳಿಗ್ಗೆ ಅದರಲ್ಲೇ ನೀರು ಹೊಡೆದಿದ್ವಿ."

"ನಿಜ ಹೇಳಿದ್ರೆ ಕಾಫಿಗಾದ್ರೂ ಬರ್ತಿದ್ರಲ್ಲ," ಎಂದೆ ನಾನು.

"ನೀಲ್? ಬರೀ ಕಾಫಿಗೆ?" ರೈನ್ ತಲೆ ಅಲ್ಲಾಡಿಸಿದ. "ಕೆಲಸ ಇಲ್ದೆ ಅವಳು ಹುಟ್ಟಿದಾಗಿನಿಂದ ಒಬ್ಬರ ಮನೆಗೆ ಹೋಗಿಲ್ಲ ಹುಡುಗಿ. ಜಗಳ ಇತ್ತು ಅಂತ ಬಂದ್ಳು. ಜಗಳ ಇದೆ ಅಂತಾನೇ ಇಟ್ಕೊಂಡ್ವಿ."

ಹಾಗೆ ಏಳು ವರ್ಷ. ಬೆಳಿಗ್ಗೆ ಆರಕ್ಕೆ ಇಬ್ಬರೂ ಕೂಡಿ ಅಂದಿನ ಸುದ್ದಿ ಗೊತ್ತುಮಾಡುವುದು, ಅವಳು ಬರುವ ಮೊದಲು ರೈನ್ ತನ್ನ ಮೆಟ್ಟು ಕೈಯಲ್ಲಿ ಹಿಡಿದು ತನ್ನ ಬಾಗಿಲಿಗೆ ಓಡುವುದು. ಮೊದಮೊದಲು ಸುದ್ದಿ ಹುಟ್ಟಿಸುವುದು ಸುಲಭವಾಗಿತ್ತು. ಬರಬರುತ್ತ ಸರಕು ಮುಗಿಯಿತು.

"ಆರಕ್ಕೆ ಮಾತಾಡಿ ಮುಗಿಸಿದ್ದನ್ನ ಹತ್ತಕ್ಕೆ ಹೊಸದು ಅಂತ ಹೇಳೋದು ಏನು ಸುಲಭಾನಾ?" ಎಂದು ಸೀವರ್ಟ್ ನನ್ನನ್ನೇ ಕೇಳಿದ. ನನ್ನ ನೀಲಿ ಕಾರ್ಡುಗಳ ಗುಟ್ಟೆಲ್ಲ ಆ ಒಂದು ಮಾತಿನಲ್ಲಿತ್ತು. ಆದರೆ ಆ ಹೊತ್ತಿನಲ್ಲಿ ನನಗೆ ಕಾರ್ಡು ಬೇಡವಾಗಿತ್ತು.

"ಈಗ ಹೋಗಿ ಅವಳಿಗೆ ಹೇಳು," ಎಂದ ರೈನ್. "ನಾವು..."

"ನಾನು ಹೇಳೋದಿಲ್ಲ," ಎಂದೆ. "ನಿಮ್ಮ ಮನೇಲಿ ಸುದ್ದಿ ಹೊತ್ತೋರಿಗೆ ಏನಾಗುತ್ತೆ ಅಂತ ನೋಡಿದೀನಿ. ಏಳಿ, ನೀವೇ ನಡೀರಿ."

ಇಬ್ಬರೂ ಎದ್ದರು. ರೈನ್ ಮುಖ ತೊಳೆದುಕೊಂಡ. ಸೀವರ್ಟ್ ಭಾನುವಾರದ ಟೋಪಿ ಹುಡುಕಿದ. ಆಮೇಲೆ ಹಳ್ಳಿಯ ನಡುಬೀದಿಯಲ್ಲಿ, ಹಾಡುಹಗಲಲ್ಲಿ, ಅಣ್ಣತಮ್ಮ ಹೆಗಲಿಗೆ ಹೆಗಲು ಕೊಟ್ಟು ನಡೆದರು. ಬ್ರೆಡ್ಡಿನ ವ್ಯಾನಿನವನು ವ್ಯಾನು ನಿಲ್ಲಿಸಿ ಇಳಿದೇ ನಿಂತ. ಕಿಟಕಿ ಕಿಟಕಿಯಲ್ಲೂ ಪರದೆ ಅಲ್ಲಾಡಿತು.

"ಎಲ್ಲಾ ನೋಡ್ತಿದ್ದಾರೆ," ಎಂದ ರೈನ್ ತುಟಿ ಅಲ್ಲಾಡಿಸದೆ.

"ನೋಡ್ಲಿ. ನಿನ್ನ ಕೋಟಿನ ಕಾಲರು ಒಳಗೆ ಸೇರಿದೆ," ಎಂದ ಸೀವರ್ಟ್.

ನೀಲ್ಚೆ ಬಾಗಿಲು ತೆಗೆದಳು. ಅಣ್ಣಂದಿರನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿದಳು. ಆಮೇಲೆ ನನಗೆ ಹೇಳಿದಳು: "ಅಲೀಡಾ, ಅವರಿಗೆ ಹೇಳು, ಕಾಲು ಒರೆಸ್ಕೊಂಡು ಒಳಗೆ ಬರಲಿ."

"ಕಾಲು ಒರೆಸ್ಕೊಂಡು..." ಎಂದು ನಾನು ಶುರುಮಾಡುವಷ್ಟರಲ್ಲಿ ಇಬ್ಬರೂ ಒರೆಸಿಕೊಂಡಾಗಿತ್ತು. ಮೇಜಿನ ಸುತ್ತ ಕೂತರು. ಹಿಮ ಬಿದ್ದಲ್ಲಿಂದ ಪಂಪಿನವರೆಗೆ ಎಲ್ಲವನ್ನೂ ಅಣ್ಣಂದಿರು ಮೇಜಿನ ಬಟ್ಟೆಗೆ ಹೇಳಿ ಮುಗಿಸಿದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

"ಅಲೀಡಾ, ಅವರನ್ನ ಕೇಳು, ಏಳು ವರ್ಷ ನನ್ನನ್ನ ಕೋತಿ ಕುಣಿಸಿದ ಹಾಗೆ ಕುಣಿಸಿದ್ರಲ್ಲ, ನಗು ಬರ್ತಿತ್ತಾ ಅಂತ."

"ಅಲೀಡಾ, ಅವಳಿಗೆ ಹೇಳು, ಒಂದು ದಿನಾನೂ ನಕ್ಕಿಲ್ಲ ಅಂತ," ಎಂದ ಸೀವರ್ಟ್. ಪ್ರಾಮಾಣಿಕ ಮನುಷ್ಯ, ಒಂದು ಕ್ಷಣ ಬಿಟ್ಟು, "ಮುಳ್ಳಿಲಿ ದಿನ ಮಾತ್ರ ಸ್ವಲ್ಪ," ಎಂದು ಸೇರಿಸಿದ.

"ಮುಳ್ಳಿಲಿನೂ ಸುಳ್ಳಾ?" ನೀಲ್ಚೆ ನೇರವಾಗಿ ಅವನ ಕಡೆಯೇ ತಿರುಗಿದಳು. "ರೈನ್ ಬೂಟಿನಲ್ಲಿ ಮುಳ್ಳಿಲಿ ಮಲಗಿತ್ತು ಅಂತ ನಾನು ಊರಿಗೆಲ್ಲ ಹೇಳಿದೀನಲ್ಲೋ!"

"ಅದು ನಿಜ," ಎಂದ ರೈನ್. "ಕಾಲಲ್ಲಿ ಗುರುತು ಇನ್ನೂ ಇದೆ, ತೋರಿಸ್ತೀನಿ."

ನೀಲ್ಚೆ ತುಟಿ ಬಿಗಿ ಹಿಡಿದಳು. ನಗು ಬಾರದ ಹಾಗೆ ಹಿಡಿದದ್ದೋ, ಅಳು ಬಾರದ ಹಾಗೋ ಹೇಳಲಾರೆ. ರೈನ್ ಮೇಜಿನ ಬಟ್ಟೆಯ ಅಂಚು ಮಡಿಸುತ್ತ, ಬಿಚ್ಚುತ್ತ, ಕೊನೆಗೆ ನನ್ನ ಮೂಲಕವಲ್ಲದೆ ಅವಳಿಗೇ ಹೇಳಿದ:

"ನಿನ್ನನ್ನ ನಾವು ಕಳ್ಕೊಳ್ಳೋಕೆ ತಯಾರಿರ್ಲಿಲ್ಲ, ನೀಲ್."

ನಮ್ಮ ಮಾತಿನಲ್ಲಿ 'ನಾವು' ಎಂದು ಶುರುವಾಗಬೇಕಾದ ವಾಕ್ಯ ಅದು. ರೈನ್ 'ನಿನ್ನನ್ನ' ಎಂದು ಶುರುಮಾಡಿದ. ಕಾರ್ಡು ತೆಗೆದು ಬರೆದುಕೊಳ್ಳುವ ಯೋಚನೆ ನನಗೆ ಬರಲೇ ಇಲ್ಲ ಎಂದರೆ ಸುಳ್ಳಾದೀತು. ಆದರೆ ಬರೆದುಕೊಳ್ಳಲಿಲ್ಲ.

ನೀಲ್ಚೆ ಬಟ್ಟೆಯ ಅಂಚನ್ನು ಅವನ ಕೈಯಿಂದ ಬಿಡಿಸಿ ಸರಿಮಾಡಿದಳು. "ಆಗ ನನ್ನ ಸ್ಥಿತಿ ಅಷ್ಟು ಕೆಟ್ಟಿತ್ತಾ?" ಎಂದು ಕೇಳಿದಳು.

"ಅಷ್ಟು ಕೆಟ್ಟಿತ್ತು," ಎಂದ ಸೀವರ್ಟ್.

"ಹೂಂ," ಎಂದಳು. ಎದ್ದು ನೀರು ಒಲೆಯ ಮೇಲಿಟ್ಟಳು. ಬೆನ್ನು ನಮ್ಮ ಕಡೆ ಇತ್ತು. "ನಾಳೆಯಿಂದ ಹತ್ತಕ್ಕೆ ನೀವೇ ಇಲ್ಲಿಗೆ ಬನ್ನಿ. ನನ್ನ ಮಂಡಿಗೂ ವಯಸ್ಸಾಯ್ತು. ಸುದ್ದಿ ಇದ್ರೆ ತನ್ನಿ. ಇಲ್ದಿದ್ರೆ ಸುಮ್ನೆ ಕೂತ್ಕೊಂಡು ಕುಡಿದು ಹೋಗಿ."

ಬಂದರು. ಇಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ದವರು ಈಗ ಅವಳ ಮುಂದೆ ಎಲ್ಲದಕ್ಕೂ ಜಗಳವಾಡತೊಡಗಿದರು. ಮಳೆ ಬರುತ್ತದೋ ಇಲ್ಲವೋ, ೧೯೩೮ರಲ್ಲಿ ಇದ್ದ ನಾಯಿಯ ಹೆಸರೇನು, ಗೇಟು ತೆಗೆದಿಟ್ಟದ್ದು ಕಡೆಗೂ ಯಾರು. "ಮಾತು ಬಿಟ್ಟಾಗ್ಲೇ ಚೆನ್ನಾಗಿದ್ರು," ಎಂದು ನೀಲ್ಚೆ ನನ್ನ ಹತ್ತಿರ ಗೊಣಗುತ್ತಿದ್ದಳು. ಬೆಳಿಗ್ಗೆ ಒಂಬತ್ತೂವರೆಗೇ ಮೇಜಿನ ಮೇಲೆ ಮೂರು ಲೋಟ ಜೋಡಿಸಿಟ್ಟಿರುತ್ತಿದ್ದಳು.

ನಾನು ಪ್ರೊಫೆಸರಿಗೆ ಎಲ್ಲವನ್ನೂ ಬರೆದೆ. ಆ ಟೇಪುಗಳನ್ನು ಲೆಕ್ಕಕ್ಕೆ ಹಿಡಿಯಲೋ ಬಿಡಲೋ ಎಂದು ಕೇಳಿದೆ. ಒಂದು ಪೋಸ್ಟ್‌ಕಾರ್ಡಿನಲ್ಲಿ ಉತ್ತರ ಬಂತು: "ಹಿಡಿ. ನೀನು ಟೇಪು ಮಾಡದ ಮಾತೂ ಅದರಲ್ಲಿದೆ."

ಮೇ ಕೊನೆಗೆ ನಾನು ಹೊರಟೆ. ಬಂದರಿನವರೆಗೆ ಬಿಡಲು ಮೂವರೂ ಬಂದರು. ಸೀವರ್ಟ್ ಕೌಂಟರಿನಿಂದ ಆಚೆ ದಡದ ಹಡಗಿಗೆ ನಾಲ್ಕು ಟಿಕೆಟ್ ಹಿಡಿದು ಬಂದಾಗ ನೀಲ್ಚೆ ಹಿಂದೆ ಸರಿದಳು. ಗಂಡ ಹೋದಾಗಿನಿಂದ ಅವಳು ಆ ಹಡಗು ಹತ್ತಿರಲಿಲ್ಲ; ಹಿಲ್ಲೆಬ್ರಾಂಡ್ ಅದರಲ್ಲಿ ಇಪ್ಪತ್ತಾರು ವರ್ಷ, ದಡ ಬಂದಾಗ ಹಡಗು ಕಟ್ಟಲು ಹಗ್ಗ ಎಸೆಯುವ ಕೆಲಸದಲ್ಲಿದ್ದವನು. ಯಾರೂ ಬಲವಂತ ಮಾಡಲಿಲ್ಲ. ಹಡಗು ಸೀಟಿ ಊದಿತು. ಅವಳು ನನ್ನ ಚೀಲವನ್ನು ಕಿತ್ತುಕೊಂಡು, "ಈ ಹುಡುಗಿ ಇಷ್ಟು ಭಾರ ಹೇಗೆ ಹೊರ್ತಾಳೆ," ಎಂದು ಬೈಯುತ್ತ ತಾನೇ ಮುಂದಾಗಿ ಹತ್ತಿದಳು.

ಹಡಗಿನ ಮೇಲಿನ ಅಟ್ಟದಲ್ಲಿ ಕಂಬಿ ಹಿಡಿದು ನಿಂತು ಅವಳು ಮೊದಲ ಬಾರಿಗೆ ನನ್ನೆದುರು ಗಂಡನ ವಿಷಯ ತೆಗೆದಳು. ಒಂದು ಡಿಸೆಂಬರಿನಲ್ಲಿ ಹಡಗಿನಲ್ಲೇ ಹೆರಿಗೆನೋವು ಶುರುವಾದ ಹೆಂಗಸಿಗೆ ಅವನು ತನ್ನ ಅಂಗಿ ಹರಿದು ಕೊಟ್ಟು, ಬರಿಮೈಯಲ್ಲಿ ಹಗ್ಗ ಎಸೆದ ಕಥೆ. ಅಣ್ಣತಮ್ಮಂದಿರಿಗೆ ಅದು ನೂರು ಸಲ ಕೇಳಿದ ಕಥೆಯಿರಬೇಕು. ಜಗಳ ನಿಲ್ಲಿಸಿ, ಟೋಪಿ ಹಿಡಿದುಕೊಂಡು, ಹೊಸದಾಗಿ ಕೇಳುವವರ ಹಾಗೆ ನಿಂತಿದ್ದರು. ಆಚೆ ದಡ ತಲುಪಲು ಇಪ್ಪತ್ತೇ ನಿಮಿಷ. ಸೇತುವೆ ಇಳಿಸಿದರು, ಜನ ಇಳಿದರು. ನೀಲ್ಚೆಯ ಕಥೆಯಲ್ಲಿ ಮಗು ಇನ್ನೂ ಹುಟ್ಟಿರಲಿಲ್ಲ.

"ನಿನ್ನ ರೈಲು," ಎಂದ ರೈನ್.

"ಮುಂದಿನದು ಹಿಡೀತೀನಿ," ಎಂದೆ. ಅದೇ ಹಡಗಿನಲ್ಲಿ ಮತ್ತೆ ಅವರ ಜೊತೆಯೇ ದ್ವೀಪದ ಕಡೆ ಹೊರಟೆ.